ಸೆನ್ನಾ ಎಂಬ ನೆಪ

ಗುಂಡ್ಲುಪೇಟೆಯಿಂದ ಬತ್ತೇರಿಗೆ ಹೋಗುವ ರಸ್ತೆ ಮದ್ದೂರು ಚೆಕ್‌ಪೋಸ್ಟ್ ದಾಟಿ ಬಂಡೀಪುರದ ಕಾಡು ಹೊಕ್ಕು, ಮೂಲೆಹೊಳೆಯ ಹತ್ತಿರ ಕರ್ನಾಟಕವನ್ನು ಬಿಡುತ್ತದೆ. ಮಳೆ ಹಿಂದೆಗೆಯುವ ದಿನಗಳಲ್ಲಿ ಹೋದವರಿಗೆ ಗಡಿ ದಾಟಿದ್ದು ಬೋರ್ಡು ನೋಡದೆಯೂ ತಿಳಿಯುತ್ತದೆ. ಪೊನ್‌ಕುಳಿಯ ರಾಮನ ಗುಡಿ ಬರುವಷ್ಟರಲ್ಲಿ ಕಾಡಿನ ನೆತ್ತಿಗೆ ಅರಿಸಿನ ಚೆಲ್ಲಿದಂತೆ ಹಳದಿ. ನಮ್ಮ ಕಡೆಯ ಕಾರುಗಳು ಅಲ್ಲಿ ನಿಧಾನವಾಗುತ್ತವೆ. ಇಳಿಯಬಾರದೆಂಬ ಫಲಕದ ಪಕ್ಕದಲ್ಲೇ ಇಳಿದು ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಕ್ಕೆ ಮಲಯಾಳಿಗಳು ಇಳಿಯುತ್ತಾರೆ, ಅವರ ಕಾಡಿನ ಹಳದಿಗೆ ನಾವು ಇಳಿಯುತ್ತೇವೆ, ಲೆಕ್ಕ ಚುಕ್ತಾ. ಸೂರ್ಯಕಾಂತಿಯನ್ನಾದರೆ ರೈತ ಮೂರ್ನಾಲ್ಕು ತಿಂಗಳಲ್ಲಿ ಕೊಯ್ದು ಮುಗಿಸುತ್ತಾನೆ. ಈ ಹಳದಿ ಸುಮಾರು ನಲವತ್ತು ವರ್ಷದಿಂದ ಯಾರ ಕೊಯ್ಲಿಗೂ ಸಿಗದೆ ಹಬ್ಬುತ್ತಿದೆ.

ಮರದ ಹೆಸರು ಸೆನ್ನಾ ಸ್ಪೆಕ್ಟಾಬಿಲಿಸ್. ಹುಟ್ಟೂರು ಅಮೆರಿಕ ಖಂಡದ ಉಷ್ಣವಲಯ. ನಮ್ಮ ಕಕ್ಕೆಗೆ ದೂರದ ನೆಂಟ. ಕಕ್ಕೆ ಎಂದರೆ ಮಲಯಾಳದ ಕಣಿಕ್ಕೊನ್ನ, ವಿಷುವಿನ ಹೂವು, ಕೇರಳದ ರಾಜ್ಯಪುಷ್ಪ. ಅದೇ ಸಲಿಗೆಯಲ್ಲಿ ಈ ಹೊಸಬನನ್ನೂ ಮಂಜಕ್ಕೊನ್ನ ಅಂದರು, ಹಳದಿ ಕೊನ್ನೆ. ಇನ್ನು ಕೆಲವರ ಬಾಯಲ್ಲಿ ಅದು ರಾಕ್ಷಸಕ್ಕೊನ್ನ.

ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಪರಿಸರ ದಿನದ ಭಾಷಣಗಳಲ್ಲಿ ಈ ಮರದ ಕಥೆ ಈಗ ಒಂದೇ ಅಚ್ಚಿನಲ್ಲಿ ಬರುತ್ತದೆ. ವಿದೇಶಿ ಮರವೊಂದು ವಯನಾಡಿನ ಮೇಲೆ ದಾಳಿ ಮಾಡಿತು, ಕಾಡು ನುಂಗಿತು. ಹುಲ್ಲು ಹೋಯಿತು, ಜಿಂಕೆ, ಕಾಟಿ, ಆನೆಗಳಿಗೆ ಮೇವಿಲ್ಲದಾಯಿತು, ಅವು ಊರಿಗೆ ನುಗ್ಗಿದವು, ಜನ ಸತ್ತರು. ಆದ್ದರಿಂದ ಮರ ಕಡಿದು ಕಾಗದದ ಕಾರ್ಖಾನೆಗೆ ಕೊಟ್ಟರೆ ಕಾಡೂ ಉಳಿಯಿತು, ಕಾಸೂ ಬಂತು. ಬಿಡಿಬಿಡಿಯಾಗಿ ನೋಡಿದರೆ ಈ ಮಾತುಗಳಲ್ಲಿ ಸುಳ್ಳು ಕಡಿಮೆ. ಪೋಣಿಸಿದ ದಾರವೇ ಸರಿಯಿಲ್ಲ ಎನ್ನುವುದು ನನ್ನ ತಕರಾರು.

ತಕರಾರಿಗೆ ಮೊದಲು ಮರದ ವಿರುದ್ಧ ಸಾಕ್ಷಿ ಹೇಳಿಬಿಡುತ್ತೇನೆ. ಮರದ ವಕೀಲನೆಂದು ಯಾರೂ ತಿಳಿಯಬಾರದು. ಹಳದಿ ಇರುವುದು ಮೇಲೆ, ಫೋಟೊದಲ್ಲಿ. ಕೆಳಗೆ ನೋಡಿದರೆ ಬೇರೆಯೇ ಲೋಕ. ಮಳೆ ಬಂದು ಹೋದ ಮೇಲೂ ಸೆನ್ನಾ ತೋಪಿನ ನೆಲ ಗುಡಿಸಿಟ್ಟ ಅಂಗಳದಂತೆ ಬೋಳು. ಸಣ್ಣ ಎಲೆಗಳ ತರಗು, ಅದರ ನಡುವೆ ಗೇಣುದ್ದದ ಕೋಲಿನಂಥ ಕಾಯಿಗಳು. ಒಂದನ್ನು ಮುರಿದರೆ ಒಳಗೆ ಚಪ್ಪಟೆ ಬೀಜಗಳು ಚಿಲ್ಲರೆ ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು, ನಡುನಡುವೆ ತೆಳು ಗೋಡೆ. ಬೀಜ ಬಿದ್ದಲ್ಲಿ ಮೊಳೆಯುತ್ತದೆ, ನೀರಿನಲ್ಲಿ ಹರಿದಲ್ಲಿ ಮೊಳೆಯುತ್ತದೆ. ಸಸಿಗಳು ಭತ್ತದ ಒಟ್ಲಿನ ಹಾಗೆ ಒತ್ತೊತ್ತಾಗಿ ಏಳುತ್ತವೆ. ಕೊಂಬೆಗಳು ಕೊಡೆಯಂತೆ ಹರಡಿ ಬಿಸಿಲು ನೆಲ ಮುಟ್ಟದ ಹಾಗೆ ಮಾಡುತ್ತವೆ. ಆನೆ ಮೇಯುವ ಹುಲ್ಲು ಅಲ್ಲಿ ಇಲ್ಲ. ಹುಲ್ಲಿಲ್ಲ ಎನ್ನುವುದನ್ನು ತಿಳಿಯಲು ಯಾವ ವರದಿಯೂ ಬೇಡ, ಬಗ್ಗಿ ನೋಡಿದರೆ ಸಾಕು.

ಈಗ ಮೊದಲನೆಯ ಮಾತು: ‘ವಿದೇಶಿ ಮರ ದಾಳಿ ಮಾಡಿತು.’ ಮರಕ್ಕೆ ಕಾಲಿಲ್ಲ. 1980ರ ದಶಕದಲ್ಲಿ, 1986ರ ಸುಮಾರಿಗೆ ಎನ್ನುತ್ತಾರೆ, ಕೇರಳದ ಅರಣ್ಯ ಇಲಾಖೆಯ ಸಾಮಾಜಿಕ ಅರಣ್ಯ ವಿಭಾಗ ಮುತ್ತಂಗ, ಪೊನ್‌ಕುಳಿ, ತೋಲ್ಪೆಟ್ಟಿಯ ಕಡೆ ಇದರ ಸಸಿಗಳನ್ನು ನೆರಳಿಗೆ, ಚೆಂದಕ್ಕೆ ಎಂದು ನೆಟ್ಟಿತು. ನರ್ಸರಿಯಲ್ಲಿ ಬೆಳೆಸಿ, ನೀರು ಹೊಯ್ದು, ದನ ತುಳಿಯದಂತೆ ಕಾದು, ಸರ್ಕಾರದ ದುಡ್ಡಿನಲ್ಲಿ. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಕಡಿದರೂ ಚಿಗುರುತ್ತದೆ: ಅಂದು ಸಸಿ ಆರಿಸಿದ್ದೇ ಇಂಥ ಗುಣ ನೋಡಿ. ಇಂದಿನ ಆರೋಪಪಟ್ಟಿಯಲ್ಲಿ ಇರುವುದೂ ಇವೇ ಮೂರು. ಮರ ಬದಲಾಗಿಲ್ಲ, ಅದನ್ನು ಓದುವ ನಮ್ಮ ಕನ್ನಡಕ ಬದಲಾಗಿದೆ.

ಸಮುದ್ರದ ಕಡೆಯವರು ಇಲ್ಲಿ ಒಂದು ಮಾತು ಸೇರಿಸಬಹುದು. ದೋಣಿಯ ತಳಕ್ಕೆ ಸುಣ್ಣದ ಚಿಪ್ಪು ಕಟ್ಟಿ ಅಂಟುವ ಬಾರ್ನಕಲ್, ಹಡಗಿನ ಸಮತೋಲದ ನೀರಿನಲ್ಲಿ ಮರಿಯಾಗಿ ತೇಲಿಬರುವ ಏಡಿ, ಇವುಗಳ ವಲಸೆಯೂ ‘ದಾಳಿ’ ಎಂದೇ ಹೆಸರಾಗಿದೆ. ಯುರೋಪಿನ ಹಸಿರು ಏಡಿ 19ನೇ ಶತಮಾನದ ಆರಂಭದಲ್ಲೇ ಅಮೆರಿಕದ ಪೂರ್ವ ಕರಾವಳಿಗೆ ಹೋಯಿತು, 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಕಾಣಿಸಿಕೊಂಡಿತು. ಆಸ್ಟ್ರೇಲಿಯಾ ಕಡೆಯ ಒಂದು ಬಾರ್ನಕಲ್ ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ತೀರದಲ್ಲಿ ನೆಲೆ ಕಂಡಿತು. 1967ರಲ್ಲಿ ನಮ್ಮ ವಿಶಾಖಪಟ್ಟಣ ಬಂದರಿನಲ್ಲೇ ಮಧ್ಯ ಅಮೆರಿಕದ ಕಪ್ಪೆಚಿಪ್ಪೊಂದು ಸಿಕ್ಕಿತು. ಈಚೆಗೆ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ದಕ್ಷಿಣ ಅಮೆರಿಕದ ಚಾರು ಎಂಬ ಚಿಪ್ಪು ಅಲ್ಲಿನವರು ಹೆಕ್ಕಿ ಮಾರುತ್ತಿದ್ದ ಚಿಪ್ಪುಗಳ ಜಾಗ ಹಿಡಿಯಿತು. ಇವು ಯಾವುದನ್ನೂ ಯಾರೂ ಕರೆದು ತಂದದ್ದಲ್ಲ. ಹಡಗಿನ ಕ್ಯಾಪ್ಟನ್ನಿಗೆ ತನ್ನ ತಳದಲ್ಲಿ ಯಾರು ಟಿಕೆಟ್ಟಿಲ್ಲದೆ ಕೂತಿದ್ದಾರೆಂದು ಗೊತ್ತಿರುವುದಿಲ್ಲ. ವಯನಾಡಿನ ಸೆನ್ನಾಕ್ಕೆ ಟಿಕೆಟ್ ಇತ್ತು. ಕಡಲಿನ ಕಥೆಯ ಪದಗಳನ್ನು ಬೆಟ್ಟಕ್ಕೆ ಹೊತ್ತು ತಂದಾಗ ಮೊದಲು ಕಳೆದುಹೋದದ್ದು ಈ ಟಿಕೆಟ್ಟು.

ಒಂದು ವಿಷಯದಲ್ಲಿ ಮಾತ್ರ ಕಡಲೂ ಕಾಡೂ ಒಂದೇ. ಹೊರಗಿನಿಂದ ಬಂದ ಬಾರ್ನಕಲ್ ಮೊದಲು ಹಿಡಿಯುವುದು ಜೆಟ್ಟಿಯ ಕಂಬ, ತಡೆಗೋಡೆಯ ಕಲ್ಲು, ತೇಲುವ ಬುರುಡೆ. ಮನುಷ್ಯ ಹೊಸದಾಗಿ ಇಟ್ಟು ಹೋದ, ಹಳೆಯ ಒಕ್ಕಲು ಇಲ್ಲದ ಜಾಗಗಳನ್ನು. ವಯನಾಡಿನ ಜೆಟ್ಟಿ ಕಂಬ ಯಾವುದು? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

‘ಆಕ್ರಮಣ’ ಎಂಬ ಪದ ಈ ಶಾಸ್ತ್ರದಲ್ಲಿ ಬೇರೂರಿದ್ದು 1958ರಲ್ಲಿ, ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಬರೆದ ಪುಸ್ತಕದ ನಂತರ. ಚೀನಾದ ಏಡಿ ಯುರೋಪಿನ ನದಿಗಳನ್ನು ಹೊಕ್ಕ ಕಥೆ ಅದರ ಆರಂಭದ ಉದಾಹರಣೆಗಳಲ್ಲಿ ಒಂದು. ಯುದ್ಧ ಮುಗಿದು ಇನ್ನೂ ಬಾಂಬಿನ ಭಯದಲ್ಲಿದ್ದ ದೇಶದ ಪುಸ್ತಕ. ಅದರ ಭಾಷೆಯಲ್ಲಿ ಸ್ಫೋಟಗಳು, ದಂಡುಗಳು, ರಣರಂಗಗಳು. ಎಲ್ಟನ್ ದೊಡ್ಡ ವಿಜ್ಞಾನಿ, ಎರಡು ಮಾತಿಲ್ಲ. ಆದರೆ ರೂಪಕ ಒಮ್ಮೆ ಕಾನೂನಿಗೆ ಇಳಿದರೆ ತನ್ನದೇ ಕೆಲಸ ಶುರುಮಾಡುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ‘ಆಕ್ರಮಣಕಾರಿ ಅನ್ಯ ಪ್ರಭೇದ’ ಎಂದರೆ ಭಾರತದ ಮೂಲದ್ದಲ್ಲದ ಪ್ರಾಣಿ ಅಥವಾ ಸಸ್ಯ ಎಂದು ಹೇಳಿ, ಅದರ ಪ್ರವೇಶ ಅಥವಾ ಹರಡುವಿಕೆಯಿಂದ ಆಗುವ ಅಪಾಯವನ್ನು ಆ ಮೇಲೆ ಹೇಳುತ್ತದೆ. ಅಂದರೆ ಮೊದಲು ಪಾಸ್‌ಪೋರ್ಟು, ಆಮೇಲೆ ಅಪರಾಧ. ಒಂದು ಕಾಡನ್ನು ಬೋಳಿಸಿ ದೇಶದ ಮರವನ್ನೇ ಸಾಲಾಗಿ ನೆಟ್ಟರೆ ಆ ವ್ಯಾಖ್ಯೆಯೊಳಗೆ ಬೀಳುವುದಿಲ್ಲ. ತೇಗ ಈ ದೇಶದ್ದೇ ಅಲ್ಲವೇ?

ತೇಗಕ್ಕೆ ಬಂದೆವು. ವಯನಾಡ್ ವನ್ಯಧಾಮ ಘೋಷಣೆಯಾದದ್ದು 1973ರಲ್ಲಿ. ತೋಲ್ಪೆಟ್ಟಿ, ಕುರಿಚ್ಯಾಡ್, ಬತ್ತೇರಿ, ಮುತ್ತಂಗ ಎಂದು ನಾಲ್ಕು ವಲಯ, ಒಟ್ಟು 344.44 ಚದರ ಕಿಲೋಮೀಟರ್. ಇದರಲ್ಲಿ ಸೆನ್ನಾ ಸುಮಾರು 123 ಚದರ ಕಿಲೋಮೀಟರಿಗೆ ಹಬ್ಬಿದೆ ಎನ್ನುವ ಅಂದಾಜು ಎಲ್ಲ ಸುದ್ದಿಗಳ ತಲೆಬರಹದಲ್ಲಿ ಬಂತು. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಭಯಪಡಬೇಕಾದ ಅಂಕಿಯೇ. ಆದರೆ ಅದೇ ವನ್ಯಧಾಮದ ಸುಮಾರು ಮೂರನೇ ಒಂದು ಪಾಲು ಇಲಾಖೆಯೇ ಬೆಳೆಸಿದ ತೇಗ, ಬೀಟೆ, ನೀಲಗಿರಿ, ಸಿಲ್ವರ್ ಓಕ್‌ಗಳ ನೆಡುತೋಪು. ಇದು ಯಾವ ತಲೆಬರಹದಲ್ಲೂ ಬರಲಿಲ್ಲ. ಎರಡೂ ಮೂರನೇ ಒಂದು ಒಂದೇ ಜಾಗ ಎಂದು ನಾನು ಹೇಳುತ್ತಿಲ್ಲ, ಸೆನ್ನಾ ಸಹಜ ಕಾಡಿಗೂ ಹೊಕ್ಕಿದೆ. ಆದರೆ ಒಂದು ಕಾಡಿನಲ್ಲಿ ಇಷ್ಟು ನೆಲ ಒಮ್ಮೆ ಬೋಳಾಗಿ, ಸಾಲುಸಾಲು ಒಂದೇ ಜಾತಿಯ ಮರ ಕಂಡು, ಬೇಸಿಗೆಯಲ್ಲಿ ಎಲೆ ಉದುರಿ ನೆತ್ತಿ ತೆರೆದು ನಿಲ್ಲುವಾಗ, ಬಿಸಿಲು ಕಂಡರೆ ಜಿಗಿಯುವ ಗಿಡಕ್ಕೆ ಅದು ಬಾಗಿಲು ತೆಗೆದ ಮನೆ. ಜೆಟ್ಟಿ ಕಂಬ ಎಂದದ್ದು ಇದನ್ನು.

ಅದರ ಮೇಲೆ ಬಿದಿರು ಹೋಯಿತು. ಗಡಿಯ ಎರಡೂ ಕಡೆ ಹೆಬ್ಬಿದಿರು 2010ರ ಆಸುಪಾಸಿನ ವರ್ಷಗಳಲ್ಲಿ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಮೆಳೆಮೆಳೆಯಾಗಿ ಒಣಗಿ ಬಿದ್ದುದನ್ನು ನಾಗರಹೊಳೆ ಕಡೆಯವರೂ ನೆನೆಯುತ್ತಾರೆ. ಬಿದಿರು ಹೂಬಿಡುವುದು, ಸಾಯುವುದು, ಮತ್ತೆ ಮೊಳೆಯುವುದು ಅದರ ಜಾತಕದಲ್ಲೇ ಬರೆದದ್ದು. ಸತ್ತ ಮೆಳೆಯ ಜಾಗದಲ್ಲಿ ಮರಿಬಿದಿರು ಏಳಲು ಕೆಲವು ವರ್ಷ ನೆಮ್ಮದಿ ಬೇಕು. ಆ ನೆಮ್ಮದಿಯನ್ನು ನಮ್ಮ ಬದಿಯಲ್ಲಿ ಲಂಟಾನ ಕೊಡಲಿಲ್ಲ, ಅವರ ಬದಿಯಲ್ಲಿ ಸೆನ್ನಾ ಕೊಡಲಿಲ್ಲ. ಇನ್ನು ಹಡ್ಲು. ಕೊಡಗು, ನಾಗರಹೊಳೆಯವರು ಹಡ್ಲು ಎನ್ನುವ ಜವುಗು ಹುಲ್ಲುಬಯಲನ್ನೇ ವಯನಾಡಿನವರು ವಯಲ್ ಎನ್ನುತ್ತಾರೆ, ನಾಡಿಗೆ ಹೆಸರು ಬಂದದ್ದೇ ಅದರಿಂದ ಎನ್ನುವವರಿದ್ದಾರೆ. ಕಾಡಿನ ನಡುವಿನ ಈ ತಗ್ಗುಗಳಲ್ಲಿ ಹಿಂದೆ ವಯನಾಡನ್ ಚೆಟ್ಟಿಗಳು, ಕುರುಮರು ಭತ್ತ ಬೆಳೆಯುತ್ತಿದ್ದರು, ದನ ಮೇಯುತ್ತಿದ್ದವು, ರಾತ್ರಿ ಆನೆಗೆ ಬೆಂಕಿ ಹಾಕಿ ಕಾಯುತ್ತಿದ್ದರು. ವನ್ಯಧಾಮದ ಒಳಗಿನ ಊರುಗಳಿಗೆ ಪುನರ್ವಸತಿ ಎಂದು ದುಡ್ಡು ಕೊಟ್ಟು ಹೊರಗೆ ಕಳಿಸಿದ ಮೇಲೆ ಬಿಟ್ಟ ಗದ್ದೆ ಹುಲ್ಲುಗಾವಲಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಕೆಲವು ಕಡೆ ಆಯಿತು. ಕೈ ಆಡದೆ ಬಿಟ್ಟ ಗದ್ದೆ ಕಳೆಯಾಗುವುದು ರೈತರಿಗೆಲ್ಲ ಗೊತ್ತಿದ್ದ ಸಂಗತಿ, ಅದಕ್ಕೆ ಅಧ್ಯಯನ ಬೇಕಿರಲಿಲ್ಲ.

ಆನೆಯ ಮಾತು. ವಯನಾಡಿನಲ್ಲಿ ಆನೆ ತುಳಿದು ಜನ ಸಾಯುತ್ತಿರುವುದು ನಿಜ, ಅವರ ಸಿಟ್ಟು ನ್ಯಾಯವಾದದ್ದು. ಸೆನ್ನಾ ಮೇವು ಕಸಿದಿರುವುದೂ ನಿಜ. ಆದರೆ ಎರಡರ ನಡುವೆ ‘ಆದ್ದರಿಂದ’ ಎಂದು ಇಡುವ ಮೊದಲು 2024ರ ಫೆಬ್ರವರಿಯನ್ನು ನೆನೆಯಬೇಕು. ಆ ತಿಂಗಳು ಮಾನಂದವಾಡಿಯ ಹತ್ತಿರ ಮನೆಯ ಅಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದ ಆನೆ ಬೇಲೂರು ಮಖನಾ. ಹೆಸರೇ ಹೇಳುವಂತೆ ಅದು ಹಾಸನ ಜಿಲ್ಲೆಯದು. ಅಲ್ಲಿ ಕಾಫಿ ತೋಟಗಳ ನಡುವೆ ತೊಂದರೆ ಕೊಡುತ್ತಿದೆಯೆಂದು 2023ರಲ್ಲಿ ಹಿಡಿದು, ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ, ಲಾರಿಯಲ್ಲಿ ತಂದು ಬಂಡೀಪುರದ ಮೂಲೆಹೊಳೆ ಕಡೆ ಬಿಟ್ಟಿದ್ದರು. ಆನೆಗೆ ಗಡಿಯ ಫಲಕ ಓದಲು ಬರುವುದಿಲ್ಲ. ಈ ಆನೆ ಊರಿಗೆ ಬಂದದ್ದು ಸೆನ್ನಾದ ದೆಸೆಯಿಂದ ಎನ್ನುವವರು, ಅದನ್ನು ಕಾಡಿಗೆ ತಂದ ಲಾರಿಯನ್ನು ಮರೆಯುತ್ತಾರೆ. ಹಲಸು ಹಣ್ಣಾದ ಕಾಫಿ ತೋಟ, ಕಾಡಂಚಿನ ಬಾಳೆ, ಕಾಡನ್ನು ಸೀಳಿದ ರಸ್ತೆ, ರೆಸಾರ್ಟಿನ ದೀಪ: ಇವೂ ಕಾರಣಗಳೇ. ಇವುಗಳ ಮೇಲೆ ಕ್ರಮವೆಂದರೆ ಯಾರದಾದರೂ ಕಾಲು ತುಳಿಯಬೇಕು. ಸೆನ್ನಾಕ್ಕೆ ಮತವಿಲ್ಲ, ಪಟ್ಟೆಯಿಲ್ಲ, ಸಂಘವಿಲ್ಲ. ಬಯ್ಯಲು ಇದಕ್ಕಿಂತ ಅನುಕೂಲದ ಪ್ರಾಣಿ ಸಿಕ್ಕದು.

ಈಗ ಕಾಗದದ ಕಾರ್ಖಾನೆ. 2023ರಲ್ಲಿ ಕೇರಳ ಸರ್ಕಾರ ಕೋಟ್ಟಯಂ ಜಿಲ್ಲೆಯ ವೆಳ್ಳೂರಿನ ಕೇರಳ ಪೇಪರ್ ಪ್ರಾಡಕ್ಟ್ಸ್ ಸಂಸ್ಥೆಗೆ ವಯನಾಡಿನಿಂದ 5,000 ಟನ್ ಸೆನ್ನಾ ಕಡಿದುಕೊಳ್ಳಲು ಟನ್ನಿಗೆ 350 ರೂಪಾಯಿಯಂತೆ ಅನುಮತಿ ಕೊಟ್ಟಿತು. ತಮಿಳುನಾಡು ಕೂಡ ಮುದುಮಲೆ ಕಡೆಯ ಸೆನ್ನಾವನ್ನು ತನ್ನ ಕಾಗದದ ಕಾರ್ಖಾನೆಗೆ ತೋರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು: ಕಸದಿಂದ ರಸ. ಲೆಕ್ಕ ಹಾಕಿದರೆ ಕೇರಳದ ಆ ಐದು ಸಾವಿರ ಟನ್ನಿಗೆ ಬರುವುದು ಹದಿನೇಳೂವರೆ ಲಕ್ಷ ರೂಪಾಯಿ. ಒಂದು ಒಳ್ಳೆಯ ಎಸ್‌ಯುವಿಯ ಬೆಲೆ. ಅದಕ್ಕಾಗಿ ಕಾಡಿನೊಳಗೆ ಲಾರಿ ಹೋಗಬೇಕು, ದಾರಿ ಅಗಲವಾಗಬೇಕು, ದಾರಿ ಅಗಲವಾದಲ್ಲಿ ಬಿಸಿಲು ಬೀಳಬೇಕು. ಬಿಸಿಲು ಬಿದ್ದಲ್ಲಿ ಏನು ಬೆಳೆಯುತ್ತದೆಂದು ಮೇಲೆ ಹೇಳಿದ್ದೇನೆ.

ಕನ್ನಡದ ಓದುಗರಿಗೆ ಈ ಕಾಗದದ ನಂಟು ಹೊಸದೇನಲ್ಲ. 1955ರಲ್ಲಿ ದಾಂಡೇಲಿಯಲ್ಲಿ ಶುರುವಾದ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯ ಬೆಲೆ ತೆರಬೇಕಿತ್ತು. ಬಿದಿರು ಮುಗಿಯುತ್ತಾ ಬಂತು ಎಂಬ ಕೂಗೆದ್ದಾಗ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ 1970ರ ದಶಕದಲ್ಲಿ ಅಲ್ಲಿ ಓಡಾಡಿ ಅಧ್ಯಯನ ಮಾಡಿದರು. ತಪ್ಪು ದನ ಮೇಯಿಸುವ ಹಳ್ಳಿಯವರದು ಎಂದು ಕಾರ್ಖಾನೆಯವರ ವಾದ. ಕಂಡದ್ದು ಬೇರೆ. ಮೆಳೆಯ ಬುಡಕ್ಕೆ ಹೆಣೆದುಕೊಂಡ ಮುಳ್ಳಿನ ಪೊದೆಯನ್ನು ‘ಬಿದಿರು ಚೆನ್ನಾಗಿ ಬೆಳೆಯಲಿ’ ಎಂದು ಕಾರ್ಖಾನೆಯ ಕೆಲಸಗಾರರು ಸವರಿ ತೆಗೆಯುತ್ತಿದ್ದರು. ಆ ಮುಳ್ಳೇ ಎಳೆ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ತುತ್ತು. ಹಳ್ಳಿಯವರು ಬಿದಿರು ಕಡಿಯುವಾಗ ಮುಳ್ಳಿಗೆ ಕೈಹಚ್ಚುತ್ತಿರಲಿಲ್ಲ. ಬುಡದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಒಂದು ಮೊಳದ ಜ್ಞಾನದಲ್ಲಿ ಇಡೀ ಕಾಡಿನ ಹಣೆಬರಹವಿತ್ತು.

ಕುಸನೂರನ್ನೂ ನೆನೆಯಬೇಕು. ಆಗಿನ ಧಾರವಾಡ ಜಿಲ್ಲೆಯ ಆ ಹಳ್ಳಿಯಲ್ಲಿ 1987ರ ನವೆಂಬರ್ 14ರಂದು ಜನ ಕರ್ನಾಟಕ ಪಲ್ಪ್‌ವುಡ್ ಕಂಪನಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತರು. ಆ ಕಂಪನಿ 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸೂ ಕೂಡಿ ಕಟ್ಟಿದ್ದು. ಸುಮಾರು 30,000 ಹೆಕ್ಟೇರ್ ಹುಲ್ಲುಬನಿಯನ್ನು ನಾರುಮರಕ್ಕೆ ಒಪ್ಪಿಸುವುದು ಅದರ ಯೋಜನೆ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದಿದ್ದರು, ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಸತ್ಯಾಗ್ರಹದ ಹೆಸರು ‘ಕಿತ್ತಿಕೊ-ಹಚ್ಚಿಕೊ’. ಧಾರವಾಡದ ಮಾತಿನಲ್ಲಿ ಹಚ್ಚುವುದೆಂದರೆ ನೆಡುವುದು. ಕಿತ್ತ ಜಾಗದಲ್ಲಿ ಅವರು ಅವತ್ತೇ ಊರಿಗೆ ಬೇಕಾದ ಗಿಡ ಹಚ್ಚಿದರು. ವಯನಾಡಿನಲ್ಲಿ ಸೆನ್ನಾ ನೆಟ್ಟು ಒಂದೆರಡು ವರ್ಷ ಕಳೆದಿದ್ದ ಕಾಲ ಅದು ಎನ್ನುವುದನ್ನು ಗಮನಿಸಿ. ಒಂದೇ ಸಾಮಾಜಿಕ ಅರಣ್ಯದ ಗಾಳಿ, ಎರಡು ರಾಜ್ಯ. ಒಂದು ಕಡೆ ಜನ ಎದುರು ನಿಂತರು, ಇನ್ನೊಂದು ಕಡೆ ಹೂವು ಚೆಂದ ಎಂದು ಸುಮ್ಮನಾದರು. ಈಗಿನ ಸೆನ್ನಾ ಯೋಜನೆಗಳ ತೊಂದರೆ ಏನೆಂದರೆ ಅವುಗಳಲ್ಲಿ ಕಿತ್ತಿಕೊ ಇದೆ, ಹಚ್ಚಿಕೊ ಇಲ್ಲ. ಅಥವಾ ಹಚ್ಚಿಕೊ ಎನ್ನುವುದು ಯೋಜನೆಯ ಕೊನೆಯ ಪುಟದಲ್ಲಿ, ಅನುದಾನ ಮುಗಿದ ಮೇಲೆ ಬರುತ್ತದೆ.

ಕೀಳುವುದಾದರೂ ಸರಿಯಾಗಿ ನಡೆಯುತ್ತಿದೆಯೇ? ಸೆನ್ನಾವನ್ನು ಬುಡದಲ್ಲಿ ಕಡಿದರೆ ಮೊಂಡಿಯಿಂದ ಸುತ್ತಲೂ ಚಿಗುರು ಹೊಡೆದು ಒಂದಿದ್ದದ್ದು ಪೊದೆಯಾಗುತ್ತದೆ. ತೊಗಟೆಯನ್ನು ಒಂದು ಪಟ್ಟಿಯಷ್ಟು ಸುಲಿದರೆ ಪಟ್ಟಿಯ ಕೆಳಗಿನಿಂದ ಚಿಗುರುತ್ತದೆ. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಹೇಳುವ ದಾರಿ ಬೇರೆ: ಎಳೆ ಸಸಿಯನ್ನು ಬೇರುಸಮೇತ ಕೀಳಬೇಕು, ದೊಡ್ಡ ಮರದಲ್ಲಿ ಎದೆಮಟ್ಟದಿಂದ, ಅಂದರೆ ಸುಮಾರು 1.3 ಮೀಟರ್ ಎತ್ತರದಿಂದ, ನೆಲದ ಮೇಲೆ ಕಾಣುವ ಬೇರಿನವರೆಗೂ ತೊಗಟೆಯನ್ನು ಒಂದು ನಾರೂ ಉಳಿಯದಂತೆ ಸುಲಿದು, ಮರ ನಿಂತಲ್ಲೇ ಒಣಗಲು ಬಿಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ಮೂಡಿದ ಚಿಗುರನ್ನು ಮತ್ತೆ ಬಂದು ಸವರಬೇಕು, ನೆಲದಲ್ಲಿರುವ ಬೀಜ ಪ್ರತಿ ಮಳೆಗೂ ಮೊಳೆತಾಗ ಮತ್ತೆ ಬಂದು ಕೀಳಬೇಕು. ಟಾಂಜಾನಿಯಾದ ಮಹಾಲೆ ಬೆಟ್ಟಗಳಲ್ಲಿ, 1967ರಲ್ಲಿ ಊರವರು ನೆಟ್ಟದ್ದು ಹಬ್ಬಿ ಚಿಂಪಾಂಜಿಗಳ ಕಾಡಿಗೆ ನುಗ್ಗಿದಾಗ ಅಲ್ಲಿಯೂ ತೊಗಟೆ ಸುಲಿದು ಒಣಗಿಸುವ ದಾರಿಯನ್ನೇ ಪ್ರಯೋಗಿಸಿದರು. ಕಾಗದದ ಕಾರ್ಖಾನೆಗೆ ಬೇಕಾದದ್ದು ಕಡಿದ ದಿಮ್ಮಿ, ತೂಕ. ಮರವನ್ನು ಕೊಲ್ಲುವ ಕ್ರಮಕ್ಕೂ ಮರವನ್ನು ಮಾರುವ ಕ್ರಮಕ್ಕೂ ಹೊಂದುವುದಿಲ್ಲ. ಮಾರಲು ಶುರುಮಾಡಿದರೆ ಇನ್ನೊಂದು ಅಪಾಯ: ಚಿಗುರಿ ಮತ್ತೆ ದಪ್ಪವಾದ ಮರ ಮುಂದಿನ ಟೆಂಡರಿಗೆ ಸರಕು. ಖರೀದಿದಾರ ಇರುವ ಕಳೆ ಎಂದೂ ಮುಗಿಯುವುದಿಲ್ಲ.

ಗಡಿಯ ಎರಡೂ ಬದಿಗೆ ಕೂಲಿಗೆ ಹೋಗುವ ಜೇನುಕುರುಬರೊಬ್ಬರು ಒಮ್ಮೆ ಚಹದಂಗಡಿಯ ಮುಂದೆ ಈ ಸುಲಿಯುವ ಕೆಲಸವನ್ನು ನನಗೆ ತೋರಿಸಿದರು. ನಮ್ಮಲ್ಲಿ ಜೇನುಕುರುಬರೆನ್ನುವವರನ್ನು ಅಲ್ಲಿ ಕಾಟ್ಟುನಾಯ್ಕರೆನ್ನುತ್ತಾರೆ; ಅವರ ಮಾತು ಕಿವಿಗೆ ಕನ್ನಡದ ಪಕ್ಕದ ಮನೆಯದು. ಪಕ್ಕದಲ್ಲಿದ್ದ ಸೌದೆಯ ತುಂಡೊಂದನ್ನು ಮಂಡಿಗೆ ಒತ್ತಿ, ಕತ್ತಿಯ ಬೆನ್ನಿನಿಂದ ತೊಗಟೆಯನ್ನು ಮೊದಲು ಜಜ್ಜಿ, ಆಮೇಲೆ ಅಲಗನ್ನು ಒಳಗೆ ತೂರಿಸಿ ಬಾಳೆಪಟ್ಟೆ ಎಳೆದಂತೆ ಎಳೆದರು. ಬಿಳಿ ಮರ ಒದ್ದೆಯಾಗಿ ಹೊಳೆಯಿತು. ಉಗುರಿನಿಂದ ಅದರ ಮೇಲೆ ಗೀರಿ, ಒಂದು ಎಳೆ ಹಸಿರು ನಾರು ಎತ್ತಿ ಹಿಡಿದು, “ಇಷ್ಟು ಬಿಟ್ರೆ ಸಾಕು, ಬದುಕ್ಕೊಳ್ತದೆ” ಅಂದರು.

“ನಿಮಗೆ ಇದನ್ನ ಯಾರು ಹೇಳಿಕೊಟ್ರು ಅಣ್ಣ?” ಅಂದೆ.

“ಯಾರು ಹೇಳ್ಬೇಕು ಸಾರ್? ಮರಕ್ಕೆ ಉಸಿರು ಎಲ್ಲಿಂದ ಹೋಗ್ತದೆ ಅಂತ ಗೊತ್ತಿಲ್ವಾ? ಅವ್ರಿಗೆ ದಿನಕ್ಕೆ ಇಷ್ಟು ಮರ ಅಂತ ಲೆಕ್ಕ ಬೇಕು. ಲೆಕ್ಕಕ್ಕೆ ಸುಲಿದ್ರೆ ನಾರು ಉಳೀತದೆ.”

‘ಅವರು’ ಎಂದರೆ ಅವರನ್ನು ಕರೆದೊಯ್ದ ಗುತ್ತಿಗೆದಾರ. ಆತ ಯಾರು, ಯಾವ ವಲಯದ ಕೆಲಸ ಎಂದು ನಾನು ಕೇಳಲಿಲ್ಲ. ಕೇಳಿಯೂ ಉಪಯೋಗವಿರಲಿಲ್ಲ, ಅದು ಒಬ್ಬ ಗುತ್ತಿಗೆದಾರನ ದೋಷವಲ್ಲ, ಮರದ ಎಣಿಕೆಯಲ್ಲಿ ಕೂಲಿ ಕಟ್ಟುವ ಪದ್ಧತಿಯ ದೋಷ.

ನಮ್ಮ ಬದಿಯಲ್ಲಿ ಇದಕ್ಕಿಂತ ಹಳೆಯ ಪಾಠವೊಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಚಳಿಗಾಲ ಮುಗಿಯುವ ಹೊತ್ತಿಗೆ ತರಗುಬೆಂಕಿ ಇಡುತ್ತಿದ್ದರು: ಇಬ್ಬನಿ ಇನ್ನೂ ಆರದ ನೆಲದಲ್ಲಿ ಒಣ ಎಲೆಯನ್ನಷ್ಟೇ ನೆಕ್ಕಿಕೊಂಡು ಹೋಗುವ ತೆಳು ಬೆಂಕಿ. ಎಳೆಯ ಲಂಟಾನ ಅದರಲ್ಲಿ ಸಾಯುತ್ತಿತ್ತು. ನೆಲ್ಲಿಗೆ ಹತ್ತುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಅದೂ ಹತೋಟಿಯಲ್ಲಿರುತ್ತಿತ್ತು ಎನ್ನುವುದು ಅವರ ಅನುಭವ. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು. 1997ರಿಂದ 2008ರವರೆಗೆ ಆ ಕಾಡನ್ನು ಅಳೆದ ಏಟ್ರೀ ಸಂಸ್ಥೆಯ ಸಂಶೋಧಕರು ಲಂಟಾನ ಹೆಚ್ಚುಕಡಿಮೆ ಇಮ್ಮಡಿ ಜಾಗಕ್ಕೆ ಹಬ್ಬಿದ್ದನ್ನು ಕಂಡರು, ಸೋಲಿಗರ ಮಾತನ್ನು ಗಂಭೀರವಾಗಿ ಕೇಳಿದರು. ಲಂಟಾನ ಒಣಗಿದರೆ ಸೀಮೆಎಣ್ಣೆ ಸುರಿದ ಸೌದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ಬೆಂಕಿ ಮರದ ನೆತ್ತಿ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ತೆಳು ಬೆಂಕಿಯನ್ನು ನಿಲ್ಲಿಸಿ ದಪ್ಪ ಬೆಂಕಿಯನ್ನು ಸಾಕಿದ ಹಾಗಾಯಿತು. ವಯನಾಡಿನ ಸೆನ್ನಾ ತರಗುಬೆಂಕಿಗೆ ಬಗ್ಗುವ ಗಿಡವಲ್ಲ, ಅಲ್ಲಿ ಹೋಗಿ ಬೆಂಕಿ ಇಡಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ನಾನು ಹೇಳುತ್ತಿರುವುದು ಕೈ ಆಡುವ ವಿಚಾರ. ಕಾಡಿನಲ್ಲಿ ವರ್ಷವಿಡೀ ಓಡಾಡುವ ಮನುಷ್ಯರನ್ನು ಹೊರಗೆ ಹಾಕಿ, ಆಮೇಲೆ ಅವರನ್ನೇ ದಿನಗೂಲಿಗೆ ಒಳಗೆ ಕರೆದು ಕಳೆ ಕೀಳಿಸುವುದು ಇಡೀ ಯೋಜನೆಯ ಅತಿ ದುಬಾರಿ ಭಾಗ.

ಹೆಸರಿಡುವುದರಲ್ಲಿ ನಮ್ಮ ಜನ ತಜ್ಞರಿಗಿಂತ ಚುರುಕು ಎಂದು ನನಗೆ ಹಲವು ಸಲ ಅನ್ನಿಸಿದೆ. ಪಾರ್ಥೇನಿಯಂ ಬಯಲುಸೀಮೆಗೆ ಕಾಂಗ್ರೆಸ್ ಗಿಡ. ಕ್ರೊಮೊಲೀನಾ ಕರಾವಳಿಗೂ ಕೇರಳಕ್ಕೂ ಕಮ್ಯುನಿಸ್ಟ್ ಗಿಡ. ಮರವನ್ನು ಅಪ್ಪಿ ಉಸಿರು ಕಟ್ಟಿಸುವ ಮಿಕಾನಿಯಾ ಬಳ್ಳಿ ಮಲಯಾಳದಲ್ಲಿ ಧೃತರಾಷ್ಟ್ರ ಪಚ್ಚ. ಈ ಯಾವ ಹೆಸರಿನಲ್ಲೂ ದೇಶದ ಮಾತಿಲ್ಲ. ಯಾರ ಕಾಲದಲ್ಲಿ ಹಬ್ಬಿತು, ಹೇಗೆ ಕೊಲ್ಲುತ್ತದೆ ಎನ್ನುವುದಷ್ಟೇ ಅವರಿಗೆ ಬೇಕಾದದ್ದು. ಸೆನ್ನಾಕ್ಕೆ ಸಾಮಾಜಿಕ ಅರಣ್ಯದ ಗಿಡ ಎಂದು ಹೆಸರು ನಿಂತಿದ್ದರೆ ನನ್ನ ಈ ಲೇಖನ ಬೇಕಿರುತ್ತಿರಲಿಲ್ಲ.

ಇನ್ನೊಂದು ಪಂಗಡದವರಿಗೂ ಉತ್ತರ ಕೊಡಬೇಕು. ಪ್ರಭೇದಗಳನ್ನು ಹುಟ್ಟಿನಿಂದ ಅಳೆಯಬೇಡಿ ಎಂದು 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದ ಮೇಲೆ, ಎಲ್ಲವೂ ಒಂದು ದಿನ ಹೊಂದಿಕೊಳ್ಳುತ್ತದೆ, ಬಿಟ್ಟುಬಿಡಿ ಎನ್ನುವ ಮಾತು ಪೇಟೆಯ ಬುದ್ಧಿವಂತರಲ್ಲಿ ಚಾಲ್ತಿಗೆ ಬಂದಿದೆ. ಡೇವಿಸ್ ಹೇಳಿದ್ದು ಹಾನಿ ನೋಡಿ ತೀರ್ಮಾನಿಸಿ ಎಂದು; ಇವರು ಕೇಳಿಸಿಕೊಂಡದ್ದು ತೀರ್ಮಾನಿಸಬೇಡಿ ಎಂದು. ಹಾನಿ ನೋಡಿದರೆ ಸೆನ್ನಾ ಹೋಗಲೇಬೇಕು. ಲಂಟಾನದ ಕಡ್ಡಿಯಿಂದ ಗೂಡಲೂರು ಕಡೆಯ ಆದಿವಾಸಿಗಳು ಆಳೆತ್ತರದ ಆನೆಗಳನ್ನು ಕಟ್ಟಿದರು, ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಸುಂದರ ಕೆಲಸ, ಹೆಣೆದವರಿಗೆ ಸಂಪಾದನೆಯೂ ಆಯಿತು. ಆದರೆ ದೇಶದ ಹುಲಿ ಕಾಡುಗಳಲ್ಲಿ ಲಂಟಾನ ಹಬ್ಬಿರುವುದು ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಮೀರಿ. ಎಷ್ಟು ಆನೆ ಕಟ್ಟಿದರೆ ಅದು ಮುಗಿದೀತು?

ಹಾಗಾದರೆ ನನಗೆ ಬೇಕಾದ ವರದಿ ಯಾವುದು? ಎಷ್ಟು ಟನ್ ಹೋಯಿತು ಎನ್ನುವುದು ಬೇಡ. ಸುಲಿದ ಮರಗಳಲ್ಲಿ ಎಷ್ಟು ಒಣಗಿದವು, ಎರಡನೇ ಮಳೆಗೆ, ಐದನೇ ಮಳೆಗೆ ಎಷ್ಟು ಸಸಿ ಕಿತ್ತರು, ಆ ನೆಲದಲ್ಲಿ ಬಿದಿರು, ನೆಲ್ಲಿ, ಹುಲ್ಲು ಎಷ್ಟು ಎದ್ದಿತು, ಪಕ್ಕದ ತೇಗದ ತೋಪನ್ನು ಕಡಿದ ಮೇಲೆ ಮತ್ತೆ ತೇಗವನ್ನೇ ನೆಟ್ಟರೋ ಇಲ್ಲವೋ: ಈ ನಾಲ್ಕು ಸಾಲು ಸಾಕು. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದೆ, ಗ್ರಾಮಸಭೆಗೆ ಕಾಡನ್ನು ನೋಡಿಕೊಳ್ಳುವ ಹಕ್ಕು ಅದರಲ್ಲಿದೆ. ಆ ನಾಲ್ಕು ಸಾಲನ್ನು ಬರೆಯಬಲ್ಲವರು ಕಾಡಂಚಿನ ಹಾಡಿಗಳಲ್ಲಿದ್ದಾರೆ.

ಚಹದ ಲೋಟ ಇಟ್ಟು ಏಳುವಾಗ, ಸುಲಿದ ಕಾಡಿಗೆ ಆಮೇಲೆ ಹೋಗಿದ್ದಿರಾ ಎಂದು ಅವರನ್ನು ಕೇಳಿದೆ. ಕೆಲಸ ಮುಗಿದ ಮೇಲೆ ಒಳಗೆ ಬಿಡುವುದಿಲ್ಲ, ಕಾವಲಿದೆ ಎಂದರು. ಮಳೆ ಬಂದ ಮೇಲೆ ಯಾರಾದರೂ ಕರೆದರಾ? ಅವರು ಸುಲಿದ ಸೌದೆಯ ತುಂಡನ್ನು ತಿರುಗಿಸಿ ನೋಡಿದರು, ಉಳಿದಿದ್ದ ಆ ಒಂದು ನಾರನ್ನು ಉಗುರಿನಲ್ಲಿ ಕಿತ್ತು ತೆಗೆದರು, ತುಂಡನ್ನು ಅಂಗಡಿಯ ಒಲೆಯ ಪಕ್ಕ ಇಟ್ಟು ಬಸ್ಸಿಗೆ ಹೊರಟರು.